ಎಕ್ಸಿಮಾ ಇರುವ ಕೂಸಿಗೆ ಶೇಂಗಾ, ಮೊಟ್ಟೆ ಯಾವಾಗಿನಿಂದ ತಿನ್ನಿಸಬಹುದು?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಮೆಲ್ಬರ್ನ್‌ನಲ್ಲಿರುವ ನಿಮ್ಮ ಮಗಳಿಗೆ ಈಗ ಐದು ತಿಂಗಳು ತುಂಬಿದೆ. ಕೆನ್ನೆಯ ಮೇಲೂ ಮೊಣಕೈ ಮಡಿಕೆಯಲ್ಲೂ ಎಕ್ಸಿಮಾ, ಅಂದರೆ ನಮ್ಮ ಕಡೆ ಇಸುಬು ಎನ್ನುವ ತೊಂದರೆ, ಕಾಣಿಸಿಕೊಂಡಿದೆ. ನಿಮ್ಮ ಪತಿಯ ಅಕ್ಕನ ಮಗನಿಗೆ ಶೇಂಗಾ ಅಲರ್ಜಿ ಇದೆ. ಮಗುವನ್ನು ನೋಡಿಕೊಳ್ಳಲು ಹುಬ್ಬಳ್ಳಿಯಿಂದ ಬಂದಿರುವ ಅತ್ತೆಯವರು ಮೂರು ವರ್ಷ ತುಂಬುವವರೆಗೆ ಶೇಂಗಾ, ಮೊಟ್ಟೆ ಎರಡನ್ನೂ ಕೊಡಬಾರದು ಎನ್ನುತ್ತಾರೆ. ಶಿಶು ಆರೋಗ್ಯ ಕೇಂದ್ರದ ನರ್ಸ್ ಆರು ತಿಂಗಳ ಸುಮಾರಿಗೇ ಶುರು ಮಾಡಿ ಎಂದಿದ್ದಾರೆ. ಮೊದಲು ರಕ್ತಪರೀಕ್ಷೆ ಮಾಡಿಸಬೇಕೇ, ಎದೆಹಾಲು ಕುಡಿಸುತ್ತಿರುವ ನೀವು ಶೇಂಗಾ ಬಿಡಬೇಕೇ ಎಂದೂ ಕೇಳಿದ್ದೀರಿ.

ನಾನು ಮಕ್ಕಳ ಆಹಾರ ತಜ್ಞೆಯಾಗಿ ಆಸ್ಟ್ರೇಲಿಯಾದಲ್ಲೇ ಕೆಲಸ ಮಾಡುತ್ತೇನೆ. ಅಲರ್ಜಿ ಇರುವ ಮಕ್ಕಳಿಗೆ ಏನು ಉಣಿಸಬೇಕೆಂದು ತಂದೆತಾಯಿಯರೊಡನೆ ಕುಳಿತು ನಿರ್ಧರಿಸುವುದು ನನ್ನ ನಿತ್ಯದ ಕೆಲಸ. ನರ್ಸ್ ಹೇಳಿದ್ದೇ ಸರಿ. ಎಕ್ಸಿಮಾ ಇರುವ ಮಗುವಿಗೆ ಶೇಂಗಾ ಮತ್ತು ಮೊಟ್ಟೆಯನ್ನು ತಡ ಮಾಡಿ ಕೊಡುವುದರಿಂದ ರಕ್ಷಣೆ ಸಿಗುವುದಿಲ್ಲ, ಬದಲಿಗೆ ಅಲರ್ಜಿಯ ಸಾಧ್ಯತೆಯೇ ಹೆಚ್ಚುತ್ತದೆ. ಆದರೆ ನಿಮ್ಮ ಮಗಳ ಚರ್ಮವನ್ನು ಕಣ್ಣಾರೆ ನೋಡಿದವರು ನಿಮ್ಮ ವೈದ್ಯರೇ ಹೊರತು ನಾನಲ್ಲ. ಎಕ್ಸಿಮಾ ತೀವ್ರವಾಗಿದ್ದರೆ, ಅಂದರೆ ಸ್ಟಿರಾಯ್ಡ್ ಮುಲಾಮನ್ನು ಪದೇ ಪದೇ ಹಚ್ಚಿದರೂ ಕೆಂಪು, ತುರಿಕೆ ಮರಳಿ ಮರಳಿ ಬರುತ್ತಿದ್ದರೆ, ಅಥವಾ ಈಗಾಗಲೇ ಬೇರೊಂದು ಆಹಾರಕ್ಕೆ ಅಲರ್ಜಿ ತೋರಿಸಿದ್ದರೆ, ಶುರು ಮಾಡುವ ಮೊದಲು ಅವರನ್ನು ಕಂಡು ಮಾತನಾಡಿ. ಹಾಗಿಲ್ಲದಿದ್ದರೆ ಮನೆಯಲ್ಲೇ ಶುರು ಮಾಡಬಹುದು.

ಅತ್ತೆಯವರ ಮಾತು ಹುಟ್ಟಿದ್ದು ಮೂಢನಂಬಿಕೆಯಿಂದಲ್ಲ ಎನ್ನುವುದನ್ನು ಇಲ್ಲಿಯೇ ಹೇಳಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘವು 2000ದಲ್ಲಿ, ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮನೆಗಳ ಮಕ್ಕಳಿಗೆ ಹಸುವಿನ ಹಾಲಿನ ಪದಾರ್ಥಗಳನ್ನು ಒಂದು ವರ್ಷದವರೆಗೆ, ಮೊಟ್ಟೆಯನ್ನು ಎರಡು ವರ್ಷದವರೆಗೆ, ಶೇಂಗಾ, ಗೋಡಂಬಿ, ಬಾದಾಮಿಯಂಥ ಬೀಜಗಳನ್ನೂ ಮೀನನ್ನೂ ಮೂರು ವರ್ಷದವರೆಗೆ ಕೊಡಬಾರದೆಂದು ಸೂಚಿಸಿತ್ತು. ಬ್ರಿಟನ್ನಿನಲ್ಲಿ 1998ರಿಂದಲೇ ಅಂಥದೊಂದು ಸಲಹೆ ಜಾರಿಯಲ್ಲಿತ್ತು. ನಿಮ್ಮ ಪತಿಯ ಅಕ್ಕನ ಮಗ ಕೂಸಾಗಿದ್ದಾಗ ಆ ಅಕ್ಕನಿಗೆ ವೈದ್ಯರೇ ಹೀಗೆ ಹೇಳಿರಬಹುದು, ಅತ್ತೆಯವರು ಅದನ್ನು ನೆನಪಿಟ್ಟುಕೊಂಡಿರಬಹುದು. ಆ ಸಲಹೆಗೆ ಆಧಾರವಾಗಿದ್ದದ್ದು ಊಹೆ; ಅಲರ್ಜಿ ತರುವ ಪದಾರ್ಥವನ್ನು ದೂರವಿಟ್ಟರೆ ಅಲರ್ಜಿಯೂ ದೂರ ಉಳಿಯುತ್ತದೆ ಎಂಬುದು ಯಾರಿಗಾದರೂ ಸಹಜವಾಗಿ ತೋಚುವ ವಿಚಾರವೇ. ಆದರೆ ವರ್ಷಗಳು ಉರುಳಿದರೂ ಶೇಂಗಾ ಅಲರ್ಜಿ ಕಡಿಮೆಯಾಗಲಿಲ್ಲ, ಏರುತ್ತಲೇ ಹೋಯಿತು. 2008ರಲ್ಲಿ ಅಮೆರಿಕದ ಸಂಘ ತನ್ನ ಸಲಹೆಯನ್ನು ಹಿಂತೆಗೆದುಕೊಂಡಿತು.

ಅದೇ 2008ರಲ್ಲಿ ಲಂಡನ್ನಿನ ಜಾರ್ಜ್ ಡು ಟಾಯ್ಟ್, ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಒಂದು ಹೋಲಿಕೆಯನ್ನು ಪ್ರಕಟಿಸಿದರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಶೇಕಡಾ 1.85 ಮಂದಿಗೆ ಶೇಂಗಾ ಅಲರ್ಜಿ ಇದ್ದರೆ, ಇಸ್ರೇಲಿನ ಯಹೂದಿ ಮಕ್ಕಳಲ್ಲಿ ಅದು ಶೇಕಡಾ 0.17 ಮಾತ್ರ. ವಂಶ ಹೆಚ್ಚುಕಡಿಮೆ ಒಂದೇ, ಅಂತರ ಮಾತ್ರ ಹತ್ತು ಪಟ್ಟು. ಇಸ್ರೇಲಿನಲ್ಲಿ ಬಾಂಬಾ ಎಂಬ ಹೆಸರಿನ, ಬಾಯಲ್ಲಿಟ್ಟರೆ ಕರಗುವ ಶೇಂಗಾ ತಿಂಡಿಯನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳ ಕೈಗೂ ಕೊಡುತ್ತಾರೆ. ಬ್ರಿಟನ್ನಿನ ತಾಯಂದಿರು ಆ ಕಾಲದಲ್ಲಿ ಶೇಂಗಾವನ್ನು ಮಕ್ಕಳ ಹತ್ತಿರ ಸುಳಿಯಗೊಡುತ್ತಿರಲಿಲ್ಲ.

ಈ ಹೋಲಿಕೆ ಒಂದು ಸುಳಿವನ್ನಷ್ಟೇ ಕೊಟ್ಟಿತು. ಪುರಾವೆ ಬಂದದ್ದು ಅದೇ ತಂಡ ನಡೆಸಿದ ಲೀಪ್ ಎಂಬ ಅಧ್ಯಯನದಿಂದ, 2015ರಲ್ಲಿ. ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಅಥವಾ ಎರಡೂ ಇದ್ದ, 4ರಿಂದ 11 ತಿಂಗಳೊಳಗಿನ 640 ಕೂಸುಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಐದು ವರ್ಷದವರೆಗೆ ಶೇಂಗಾ ತಿನ್ನಿಸುತ್ತಾ ಹೋದರು, ಇನ್ನೊಂದಕ್ಕೆ ಕೊಡಲೇ ಇಲ್ಲ. ಶುರುವಿನಲ್ಲಿ ಚರ್ಮಕ್ಕೆ ಚುಚ್ಚಿ ನೋಡಿದ ಪರೀಕ್ಷೆಯಲ್ಲಿ ಶೇಂಗಾಕ್ಕೆ ಯಾವ ಪ್ರತಿಕ್ರಿಯೆಯನ್ನೂ ತೋರದಿದ್ದ ಮಕ್ಕಳ ಪೈಕಿ, ಐದನೆಯ ವಯಸ್ಸಿಗೆ, ಶೇಂಗಾ ಬಿಟ್ಟವರಲ್ಲಿ ಶೇಕಡಾ 13.7 ಮಂದಿಗೆ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇಕಡಾ 1.9 ಮಂದಿಗೆ ಮಾತ್ರ. ಪರೀಕ್ಷೆಯಲ್ಲಿ ಸಣ್ಣ ಗುಳ್ಳೆ ಎದ್ದಿದ್ದ ಮಕ್ಕಳಲ್ಲಿಯೂ ಶೇಕಡಾ 35.3 ಇದ್ದದ್ದು 10.6ಕ್ಕೆ ಇಳಿಯಿತು. ದೊಡ್ಡ ಗುಳ್ಳೆ ಎದ್ದ ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ತೀವ್ರ ಎಕ್ಸಿಮಾ ಇದ್ದರೆ ಮೊದಲು ವೈದ್ಯರನ್ನು ಕೇಳಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಅದೇ ಮಕ್ಕಳನ್ನು ಹದಿಹರೆಯದಲ್ಲಿ ಮತ್ತೆ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಬಂತು. ಐದು ವರ್ಷದ ನಂತರ ತಮಗೆ ಇಷ್ಟ ಬಂದಂತೆ ತಿಂದರೂ ಬಿಟ್ಟರೂ, ಚಿಕ್ಕಂದಿನಲ್ಲಿ ತಿಂದವರ ಗುಂಪಿನಲ್ಲಿ ಅಲರ್ಜಿ ಶೇಕಡಾ 71ರಷ್ಟು ಕಡಿಮೆಯೇ ಉಳಿದಿತ್ತು.

ಹೀಗೇಕೆ ಆಗುತ್ತದೆ ಎಂಬುದು ತಿಳಿದರೆ ಮನೆಯಲ್ಲಿ ಏನು ಮಾಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಆಹಾರದ ಪ್ರೋಟೀನು ಮಗುವಿನ ದೇಹಕ್ಕೆ ಎರಡು ದಾರಿಗಳಲ್ಲಿ ಪರಿಚಯವಾಗುತ್ತದೆ. ಬಾಯಿಂದ ಹೊಟ್ಟೆಗೆ ಇಳಿದರೆ ರೋಗನಿರೋಧಕ ವ್ಯವಸ್ಥೆ ಅದನ್ನು ಆಹಾರವೆಂದು ಒಪ್ಪಿಕೊಂಡು ಸಹಿಸಲು ಕಲಿಯುತ್ತದೆ. ಎಕ್ಸಿಮಾದಿಂದ ಬಿರುಕು ಬಿಟ್ಟ ಚರ್ಮದ ಮೂಲಕ ಒಳಗೆ ಹೋದರೆ ಅದನ್ನು ಶತ್ರುವೆಂದು ಎಣಿಸಿ, ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಶೇಂಗಾ ತಿನ್ನುವ ಮನೆಯಲ್ಲಿ ಮಗುವಿನ ಬಾಯಿಗೆ ಶೇಂಗಾ ಬೀಳದಿದ್ದರೂ ಚರ್ಮಕ್ಕೆ ಅದು ತಗಲುತ್ತಲೇ ಇರುತ್ತದೆ, ಏಕೆಂದರೆ ಮನೆಯ ಧೂಳಿನಲ್ಲಿ ಶೇಂಗಾದ ಪ್ರೋಟೀನು ಇರುತ್ತದೆಂದು ಅಳೆದು ತೋರಿಸಲಾಗಿದೆ. ನಿಮ್ಮ ಅಡುಗೆಮನೆಯನ್ನೇ ನೆನೆದುಕೊಳ್ಳಿ: ಶೇಂಗಾ ಹುರಿದು, ಅಂಗೈಯಲ್ಲಿ ತಿಕ್ಕಿ, ಊದಿ ಸಿಪ್ಪೆ ಹಾರಿಸಿ, ಮಿಕ್ಸಿಯಲ್ಲಿ ಚಟ್ನಿಪುಡಿ ಮಾಡಿದ ಕೈಯಲ್ಲೇ ಅಳುವ ಮಗುವನ್ನು ಎತ್ತಿಕೊಂಡು ಕೆನ್ನೆ ಸವರುತ್ತೇವೆ. ಆ ಕೆನ್ನೆಯಲ್ಲಿ ಎಕ್ಸಿಮಾ ಇದ್ದು ಹೊಟ್ಟೆಗೆ ಶೇಂಗಾ ಹೋಗಿರದಿದ್ದರೆ, ಮಗುವಿನ ದೇಹಕ್ಕೆ ಶೇಂಗಾ ಮೊದಲು ಪರಿಚಯವಾಗುವುದು ತಪ್ಪು ದಾರಿಯಲ್ಲಿ. ಮೂರು ವರ್ಷ ಕಾಯುವುದೆಂದರೆ ಮೂರು ವರ್ಷ ಆ ಒಂದು ದಾರಿಯನ್ನು ಮಾತ್ರ ತೆರೆದಿಟ್ಟ ಹಾಗೆ.

ಚರ್ಮದ ಮೂಲಕ ಆಹಾರದ ಅಲರ್ಜಿ ಹುಟ್ಟುವುದು ಬರೀ ಊಹೆಯಲ್ಲ. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ ಒಂದು ಮುಖದ ಸೋಪನ್ನು ಬಳಸಿದ, ಮೊದಲು ಗೋಧಿಯನ್ನು ನಿಶ್ಚಿಂತೆಯಿಂದ ತಿನ್ನುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಬಂದಿತ್ತು. ಈ ಕಾರಣಕ್ಕೆ ನಮ್ಮ ಮನೆಗಳ ಒಂದು ರೂಢಿಯ ಬಗ್ಗೆ ಕಳಕಳಿಯಿಂದ ಹೇಳುತ್ತೇನೆ. ಎಕ್ಸಿಮಾ ಇರುವ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಕಡಲೆಹಿಟ್ಟು, ಹೆಸರುಹಿಟ್ಟು, ಬಾದಾಮಿ ಪುಡಿ, ಹಾಲಿನ ಕೆನೆ ಇವನ್ನೆಲ್ಲ ಮೈಗೆ ತಿಕ್ಕುವುದನ್ನು ಬಿಟ್ಟುಬಿಡಿ. ಶೇಂಗಾ ಎಣ್ಣೆ, ಎಳ್ಳೆಣ್ಣೆಗಳೂ ಬೇಡ. ವೈದ್ಯರು ಹೇಳಿದ ಪರಿಮಳವಿಲ್ಲದ ಮಾಯಿಶ್ಚರೈಸರನ್ನು, ಕೈಯನ್ನು ಸೋಪಿನಿಂದ ತೊಳೆದುಕೊಂಡು ಹಚ್ಚಿ. ಸ್ಟಿರಾಯ್ಡ್ ಮುಲಾಮು ಎಂದೊಡನೆ ನಮ್ಮವರು ಹೆದರಿ ಅರೆಬರೆ ಹಚ್ಚುತ್ತಾರೆ, ಎಕ್ಸಿಮಾ ಹಾಗೆಯೇ ಉಳಿಯುತ್ತದೆ. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಹಚ್ಚಿ ಚರ್ಮವನ್ನು ಗುಣಪಡಿಸುವುದೂ ಅಲರ್ಜಿ ತಡೆಯುವ ಕೆಲಸದ ಒಂದು ಭಾಗವೇ. ಜಪಾನಿನಲ್ಲಿ ಎಕ್ಸಿಮಾ ಇದ್ದ ಕೂಸುಗಳಿಗೆ ಬೇಗನೆ, ಬಿಗಿಯಾಗಿ ಚಿಕಿತ್ಸೆ ಕೊಟ್ಟ 2023ರ ಅಧ್ಯಯನದಲ್ಲಿ ಮೊಟ್ಟೆ ಅಲರ್ಜಿ ಶೇಕಡಾ 41.9ರಿಂದ 31.4ಕ್ಕೆ ಇಳಿದಿತ್ತು.

"ನಮ್ಮ ಊರಲ್ಲಿ ಶೇಂಗಾ ಅಲರ್ಜಿ ಎಂಬುದನ್ನೇ ಕೇಳಿಲ್ಲ" ಎಂದು ಅತ್ತೆಯವರು ಹೇಳಿದರೆ ಅದೂ ಬಹುಮಟ್ಟಿಗೆ ನಿಜ. ಬೆಂಗಳೂರು ಮತ್ತು ಮೈಸೂರಿನ ಶಾಲಾ ಮಕ್ಕಳಲ್ಲಿ ನಡೆದ, ಯೂರೋಪ್ರಿವಾಲ್ ಎಂಬ ಹಲವು ದೇಶಗಳ ಆಹಾರ ಅಲರ್ಜಿ ಸಮೀಕ್ಷೆಯಲ್ಲಿ ಆಹಾರ ಅಲರ್ಜಿ ಇರಬಹುದಾದವರು ಶೇಕಡಾ 0.14 ಮಾತ್ರ. ಮೆಲ್ಬರ್ನ್‌ನ ಚಿತ್ರವೇ ಬೇರೆ. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಒಂದು ವರ್ಷದ ಮಕ್ಕಳನ್ನು ಪರೀಕ್ಷಿಸಿದ ಹೆಲ್ತ್‌ನಟ್ಸ್ ಅಧ್ಯಯನದಲ್ಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಯಾವುದಾದರೊಂದು ಆಹಾರಕ್ಕೆ ಅಲರ್ಜಿ ಇತ್ತು. ಶೇಂಗಾಕ್ಕೆ ಶೇಕಡಾ 3, ಹಸಿ ಮೊಟ್ಟೆಗೆ ಸುಮಾರು 9. ನಮಗೆ ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಐದು ವರ್ಷದ ಮಕ್ಕಳಲ್ಲಿ, ಏಷ್ಯಾದಲ್ಲಿ ಹುಟ್ಟಿ ಆಮೇಲೆ ಆಸ್ಟ್ರೇಲಿಯಾಕ್ಕೆ ಬಂದವರಿಗೆ ಶೇಂಗಾ ಮತ್ತಿತರ ಬೀಜಗಳ ಅಲರ್ಜಿ ಕಡಿಮೆ ಇತ್ತು, ಏಷ್ಯಾದ ತಾಯಂದಿರಿಗೆ ಆಸ್ಟ್ರೇಲಿಯಾದಲ್ಲೇ ಹುಟ್ಟಿದವರಿಗೆ ಹೆಚ್ಚಿತ್ತು. ಆದ್ದರಿಂದ ಊರಿನ ಅನುಭವವನ್ನು ನಂಬಿಕೊಂಡು, ಇಲ್ಲಿ ಹುಟ್ಟಿದ ನಿಮ್ಮ ಮಗಳ ವಿಷಯದಲ್ಲಿ ನಿಶ್ಚಿಂತರಾಗಿ ಕೂರಲಾಗದು.

ರಕ್ತಪರೀಕ್ಷೆಯ ವಿಚಾರ. ಏನನ್ನೂ ತಿನ್ನಿಸುವ ಮೊದಲೇ ಹತ್ತಿಪ್ಪತ್ತು ಆಹಾರಗಳಿಗೆ ಒಟ್ಟಿಗೆ ಐಜಿಇ ನೋಡುವ ಪರೀಕ್ಷೆ ಬೇಡ. ರಕ್ತದಲ್ಲಿ ಪ್ರತಿಕಾಯ ಇರುವುದು ಬೇರೆ, ತಿಂದಾಗ ತೊಂದರೆ ಆಗುವುದು ಬೇರೆ. ಅದೇ ಯೂರೋಪ್ರಿವಾಲ್ ಸಮೀಕ್ಷೆಯ ಭಾರತೀಯ ವಯಸ್ಕರಲ್ಲಿ ಶೇಕಡಾ 26.5 ಮಂದಿಯ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಐಜಿಇ ಇತ್ತು, ಆದರೆ ನಿಜವಾದ ಅಲರ್ಜಿ ಇರಬಹುದಾದವರು ಶೇಕಡಾ 1.2 ಮಾತ್ರ. ಎಕ್ಸಿಮಾ ಇರುವ ಮಕ್ಕಳ ರಕ್ತದಲ್ಲಿ ಇಂಥ ಸುಳ್ಳು ಎಚ್ಚರಿಕೆಗಳು ಇನ್ನೂ ಹೆಚ್ಚು. ವರದಿಯಲ್ಲಿ ಹಾಲು, ಗೋಧಿ, ಮೊಟ್ಟೆ, ಶೇಂಗಾ ಎಲ್ಲದರ ಮುಂದೆ ಗುರುತು ಕಂಡು ತಂದೆತಾಯಿಯರು ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಸಹಿಸಲು ಕಲಿಯಬೇಕಾದ ತಿಂಗಳುಗಳು ಹಾಗೆಯೇ ಕಳೆದುಹೋಗುತ್ತವೆ. ತೀವ್ರ ಎಕ್ಸಿಮಾ ಇದ್ದಾಗ ಶೇಂಗಾ ಒಂದಕ್ಕೆ ಮಾತ್ರ ಪರೀಕ್ಷೆ ಮಾಡಿ, ಮೊದಲ ತುತ್ತನ್ನು ತಮ್ಮೆದುರಿಗೇ ಕೊಡಿಸುವುದು ಅಲರ್ಜಿ ತಜ್ಞರು ಕೈಗೊಳ್ಳುವ ನಿರ್ಧಾರ, ಅದು ಬೇರೆ ಮಾತು. ಅದಕ್ಕಾಗಿ ಕಾಯುವ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಕೂರಬೇಕಾಗಿ ಬಂದರೆ, ಅಷ್ಟು ಕಾಯುವುದು ಒಳ್ಳೆಯದೇ ಎಂದು ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ.

ಈಗ ತಿನ್ನಿಸುವ ಕ್ರಮಕ್ಕೆ ಬರೋಣ. ಆಸ್ಟ್ರೇಲಿಯಾದ ಅಲರ್ಜಿ ತಜ್ಞರ ಸಂಘದ ಸಲಹೆಯ ಪ್ರಕಾರ, ನಾಲ್ಕು ತಿಂಗಳಿಗೆ ಮೊದಲಲ್ಲ, ಆರು ತಿಂಗಳ ಆಸುಪಾಸಿನಲ್ಲಿ, ಮಗುವಿಗೆ ಕತ್ತು ನಿಂತು, ಆನಿಸಿ ಕೂರಿಸಿದರೆ ಕೂತು, ಚಮಚ ಕಂಡರೆ ಬಾಯಿ ತೆರೆಯುವಂತಾದಾಗ ಘನ ಆಹಾರ ಶುರು ಮಾಡಬೇಕು; ಅಲರ್ಜಿ ತರಬಲ್ಲ ಮುಖ್ಯ ಆಹಾರಗಳೆಲ್ಲ ಒಂದು ವರ್ಷ ತುಂಬುವುದರೊಳಗೆ ಬಾಯಿಗೆ ಬಿದ್ದಿರಬೇಕು. ಮೊದಲು ಮೂರ್ನಾಲ್ಕು ದಿನ ರಾಗಿ ಸರಿಯನ್ನೋ ಬೇಯಿಸಿ ನುರಿದ ತರಕಾರಿಯನ್ನೋ ಕೊಟ್ಟು ನುಂಗಲು ಬರುತ್ತದೆಯೇ ನೋಡಿ, ಆಮೇಲೆ ಶೇಂಗಾಕ್ಕೆ ಬನ್ನಿ. ಇಡೀ ಶೇಂಗಾ ಬೀಜವಾಗಲಿ, ತುಣುಕಾಗಲಿ ಬೇಡವೇ ಬೇಡ. ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುತ್ತದೆ, ಈ ಅಪಾಯ ನಾಲ್ಕೈದು ವರ್ಷದವರೆಗೂ ಇರುತ್ತದೆ. ಅಂಗಡಿಯ ನುಣ್ಣನೆಯ ಪೀನಟ್ ಬಟರ್ ಆಗಬಹುದು, ಉಪ್ಪು ಸಕ್ಕರೆ ಹಾಕದಿರುವುದನ್ನು ಆರಿಸಿಕೊಳ್ಳಿ. ಮನೆಯಲ್ಲೇ ಮಾಡುವುದಾದರೆ ಬೂಷ್ಟು ಹಿಡಿದ, ಮುರುಟಿದ, ಬಣ್ಣ ಕೆಟ್ಟ ಕಾಳುಗಳನ್ನು ಆರಿಸಿ ತೆಗೆದು (ಅವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಾಧ್ಯತೆ ಹೆಚ್ಚು), ಹದವಾಗಿ ಹುರಿದು, ಸಿಪ್ಪೆ ತೆಗೆದು, ಎಣ್ಣೆ ಬಿಡುವವರೆಗೆ ರುಬ್ಬಿ. ಬೆರಳಿನಿಂದ ಒತ್ತಿ ನೋಡಿದರೆ ಒಂದು ತರಿಯೂ ಸಿಗಬಾರದು. ಪೀನಟ್ ಬಟರ್ ಆಗಲಿ, ಈ ಮುದ್ದೆಯಾಗಲಿ, ಹಾಗೆಯೇ ಬಾಯಿಗಿಟ್ಟರೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಬಿಸಿನೀರು ಅಥವಾ ಎದೆಹಾಲಿನಲ್ಲಿ ಕದಡಿ, ಚಮಚದಿಂದ ಸುರಿದರೆ ಸರಾಗವಾಗಿ ಇಳಿಯುವಷ್ಟು ತೆಳ್ಳಗೆ ಮಾಡಿಕೊಂಡು ತಣಿಸಿ.

ಮಗು ಚೆನ್ನಾಗಿರುವ ದಿನ, ಜ್ವರ ನೆಗಡಿ ಇಲ್ಲದಾಗ, ಬೆಳಗಿನ ಹೊತ್ತಿನಲ್ಲಿ ಶುರು ಮಾಡಿ. ಸಂಜೆ ಮಲಗುವ ಮುಂಚೆ ಬೇಡ. ಮೊದಲು ತುಟಿಯ ಒಳಭಾಗಕ್ಕೆ ಸ್ವಲ್ಪ ತಾಗಿಸಿ ಕೆಲವು ನಿಮಿಷ ಕಾಯಿರಿ. ಕೆನ್ನೆಗೋ ಕೈಗೋ ಹಚ್ಚಿ ಪರೀಕ್ಷಿಸುವವರಿದ್ದಾರೆ. ಎಕ್ಸಿಮಾ ಇರುವ ಮಗುವಿಗೆ ಅದು ಖಂಡಿತ ಬೇಡ. ಏನೂ ಆಗದಿದ್ದರೆ ಕಾಲು ಚಮಚ ಕೊಟ್ಟು, ಎರಡು ಗಂಟೆಯ ಕಾಲ ಮಗುವಿನ ಮೇಲೆ ಕಣ್ಣಿಡಿ. ಮುಂದಿನ ಸಲ ಅರ್ಧ ಚಮಚ, ಆಮೇಲೆ ಒಂದು, ಹೀಗೆ ಏರಿಸುತ್ತಾ ಎರಡು ಟೀ ಚಮಚಕ್ಕೆ ಬನ್ನಿ. ಸುಮಾರು 8 ಗ್ರಾಂ ಹುರಿದ ಶೇಂಗಾದಲ್ಲಿ 2 ಗ್ರಾಂ ಪ್ರೋಟೀನು ಇರುತ್ತದೆ. ಲೀಪ್ ಅಧ್ಯಯನದ ಮಕ್ಕಳು ವಾರಕ್ಕೆ 6 ಗ್ರಾಂ ಪ್ರೋಟೀನನ್ನು ಮೂರು ಅಥವಾ ಹೆಚ್ಚು ಊಟಗಳಲ್ಲಿ ಹಂಚಿ ತಿಂದಿದ್ದರು. ಒಂದು ದಿನಕ್ಕೆ ಒಂದೇ ಹೊಸ ಆಹಾರ ಪರಿಚಯಿಸಿದರೆ, ತೊಂದರೆಯಾದಾಗ ಯಾವುದರಿಂದ ಎಂದು ತಿಳಿಯುತ್ತದೆ.

ನಾನು ಅತಿ ಹೆಚ್ಚು ಒತ್ತಿ ಹೇಳಬೇಕಾದದ್ದು ಮುಂದುವರಿಸುವುದನ್ನು. ಒಮ್ಮೆ ತಿನ್ನಿಸಿ, ಏನೂ ಆಗಲಿಲ್ಲವೆಂದು ಸಮಾಧಾನಪಟ್ಟು, ಆಮೇಲೆ ಮರೆತುಬಿಡುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ವಾರಕ್ಕೆ ಎರಡು ಸಲವಾದರೂ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದು ಊಟದಲ್ಲಿ ಇರಬೇಕು. ಬ್ರಿಟನ್ನಿನಲ್ಲಿ 1303 ಮಕ್ಕಳ ಪೈಕಿ ಒಂದು ಗುಂಪಿಗೆ ಮೂರು ತಿಂಗಳಿನಿಂದಲೇ ಅಲರ್ಜಿ ತರಬಲ್ಲ ಆರು ಬಗೆಯ ಆಹಾರ ಕೊಡಲು ಹೊರಟ 2016ರ ಈಟ್ ಅಧ್ಯಯನದಲ್ಲಿ ಒಟ್ಟಾರೆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ, ಏಕೆಂದರೆ ಆ ಗುಂಪಿನ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೇಳಿದಷ್ಟು ತಿನ್ನಿಸಲು ಆಗಿರಲಿಲ್ಲ. ನಿಯಮದಂತೆ ತಿನ್ನಿಸಿದ ಮನೆಗಳನ್ನು ಮಾತ್ರ ತೆಗೆದುಕೊಂಡರೆ ಅಲರ್ಜಿ ಶೇಕಡಾ 7.3ಕ್ಕೆ ಬದಲು 2.4 ಇತ್ತು. ನಮ್ಮ ಅಡುಗೆಯಲ್ಲಿ ಇದು ಕಷ್ಟವಲ್ಲ. ರಾಗಿ ಸರಿಗೆ ಒಂದು ಚಮಚ ಶೇಂಗಾ ಮುದ್ದೆ ಕದಡಬಹುದು, ಮೊಸರನ್ನಕ್ಕೆ ಬೆರೆಸಬಹುದು, ಖಾರವಿಲ್ಲದ ಪಲ್ಯಕ್ಕೆ ನುಣ್ಣನೆಯ ಪುಡಿ ಉದುರಿಸಬಹುದು. ಊರಿಗೆ ಹೋಗಿ ಒಂದೆರಡು ತಿಂಗಳು ಇದ್ದರೂ ಇದು ತಪ್ಪಬಾರದು.

ಮೊಟ್ಟೆಯದೂ ಇದೇ ಕ್ರಮ, ಆದರೆ ಚೆನ್ನಾಗಿ ಬೆಂದಿರಬೇಕು. ಜಪಾನಿನ ಪೆಟಿಟ್ ಅಧ್ಯಯನದಲ್ಲಿ, ಎಕ್ಸಿಮಾ ಇದ್ದ ಮಕ್ಕಳಿಗೆ ಚರ್ಮವನ್ನು ಹತೋಟಿಗೆ ತಂದುಕೊಂಡು, ಆರು ತಿಂಗಳಿನಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಒಂದು ವರ್ಷದ ಹೊತ್ತಿಗೆ ಮೊಟ್ಟೆ ಅಲರ್ಜಿ ಶೇಕಡಾ 37.7ಕ್ಕೆ ಬದಲು 8.3 ಆಗಿತ್ತು. ಜರ್ಮನಿಯಲ್ಲಿ ಬೇಯಿಸದ ಮೊಟ್ಟೆಯ ಬಿಳಿಭಾಗದ ಪುಡಿ ಬಳಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ತೀವ್ರ ಪ್ರತಿಕ್ರಿಯೆಯಾಯಿತು. ಗಟ್ಟಿಯಾಗಿ ಬೇಯಿಸಿ, ನುರಿದು, ತರಕಾರಿಯೊಡನೆ ಕೊಡಿ. ನಿಮ್ಮದು ಮೊಟ್ಟೆ ತಿನ್ನದ ಮನೆಯಾಗಿದ್ದರೆ ನಾನು ಬಲವಂತ ಮಾಡುವುದಿಲ್ಲ. ಆದರೆ ಶಿಶುವಿಹಾರದಲ್ಲಿ, ಹುಟ್ಟುಹಬ್ಬಗಳಲ್ಲಿ ಮಗಳು ಕೇಕ್ ತಿನ್ನುವುದು ಖಚಿತವೆಂದು ಅನ್ನಿಸಿದರೆ, ಮೊದಲ ವರ್ಷದಲ್ಲೇ ಪರಿಚಯಿಸುವ ಬಗ್ಗೆ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಿ. ಮೊಸರು, ಗೋಧಿ ರವೆಯ ಗಂಜಿ, ನುಣ್ಣಗೆ ಅರೆದ ಎಳ್ಳು, ಗೋಡಂಬಿ ಮುದ್ದೆ ಇವೂ ಒಂದೊಂದಾಗಿ ಬರಲಿ. ಎಳ್ಳನ್ನು ನಮ್ಮವರು ಮರೆಯುತ್ತಾರೆ, ಅದರ ಅಲರ್ಜಿಯೂ ತೀವ್ರವಾಗಿರಬಲ್ಲದು.

ಅಲರ್ಜಿಯಾದರೆ ಸಾಮಾನ್ಯವಾಗಿ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ: ಮೈಮೇಲೆ ದದ್ದು, ತುಟಿ ಅಥವಾ ಕಣ್ಣಿನ ಸುತ್ತ ಊತ, ವಾಂತಿ. ಆಗ ಆ ಆಹಾರ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಟೊಮ್ಯಾಟೊ, ಕಿತ್ತಳೆಯಂಥ ಹುಳಿ ಪದಾರ್ಥ ತಾಗಿ ಬಾಯಿಯ ಸುತ್ತ ಮಾತ್ರ ಸ್ವಲ್ಪ ಕೆಂಪಾಗಿ ಬೇಗ ಇಳಿದುಹೋಗುವುದು ಬಹುಪಾಲು ಅಲರ್ಜಿಯಲ್ಲ. ಬಿಡದ ಕೆಮ್ಮು, ಉಸಿರಾಟದಲ್ಲಿ ಸಿಳ್ಳೆಯ ಸದ್ದು, ನಾಲಿಗೆ ಊತ, ದನಿ ಬದಲಾಗುವುದು, ಮಗು ಬಿಳಿಚಿಕೊಂಡು ಜೋತುಬೀಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಗಾಬರಿಯಲ್ಲಿ ನಾವೆಲ್ಲ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತೇವೆ. ಅನಾಫಿಲ್ಯಾಕ್ಸಿಸ್, ಅಂದರೆ ಪ್ರಾಣಕ್ಕೆ ಅಪಾಯ ತರುವ ಇಂಥ ತೀವ್ರ ಅಲರ್ಜಿ, ಆದಾಗ ನೆಟ್ಟಗೆ ಎತ್ತಿಕೊಳ್ಳಬಾರದು, ತೋಳಿನಲ್ಲಿ ಅಡ್ಡಲಾಗಿ ಮಲಗಿಸಿಕೊಂಡಿರಬೇಕು. ಅದಕ್ಕೆ ಮದ್ದು ಅಡ್ರಿನಲಿನ್ ಚುಚ್ಚುಮದ್ದು, ಅಲರ್ಜಿಯ ಸಿರಪ್ ಅಲ್ಲ. ತಿಂದು ಎರಡರಿಂದ ನಾಲ್ಕು ಗಂಟೆಯ ಮೇಲೆ ಮತ್ತೆ ಮತ್ತೆ ಜೋರಾಗಿ ವಾಂತಿಯಾಗಿ ಮಗು ಸೊರಗುವ ಇನ್ನೊಂದು ಬಗೆಯೂ ಉಂಟು. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಹೆಚ್ಚಾಗಿ ಕಾರಣವಾಗುವುದು ಅಕ್ಕಿ. ಅನ್ನದ ಗಂಜಿ ತಿಂದು ಹೀಗಾದರೆ ಅಜೀರ್ಣವೆಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಮಾಡಿದರೂ ಅಲರ್ಜಿ ಬರುವುದೇ ಇಲ್ಲ ಎಂಬ ಭರವಸೆಯನ್ನು ನಾನು ಕೊಡಲಾರೆ. ಮೆಲ್ಬರ್ನ್‌ನಲ್ಲಿ ಮೊದಲ ವರ್ಷದೊಳಗೆ ಶೇಂಗಾ ತಿನ್ನುವ ಮಕ್ಕಳು ನೂರಕ್ಕೆ ಇಪ್ಪತ್ತರಷ್ಟಿದ್ದವರು ಎಂಬತ್ತೈದರಷ್ಟಾದ ಮೇಲೂ ಶೇಂಗಾ ಅಲರ್ಜಿ ಶೇಕಡಾ 3.1ರಿಂದ 2.6ಕ್ಕೆ ಮಾತ್ರ ಇಳಿದಿತ್ತು. ಅಲರ್ಜಿ ಬಂದೇಬಿಟ್ಟರೂ ಅದು ನಿಮ್ಮ ತಪ್ಪಲ್ಲ, ಅತ್ತೆಯವರ ಮಾತು ನಿಜವಾಯಿತೆಂದೂ ಅಲ್ಲ.

ಕೊನೆಯದಾಗಿ ನಿಮ್ಮ ಊಟದ ಪ್ರಶ್ನೆ. ಗರ್ಭಿಣಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ತಾಯಿ ಶೇಂಗಾ, ಮೊಟ್ಟೆ, ಹಾಲು ಬಿಟ್ಟರೆ ಮಗುವಿಗೆ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಾಣಂತಿ ಪಥ್ಯವೆಂದು ಇವನ್ನೆಲ್ಲ ಬಿಟ್ಟು ನೀವು ಸೊರಗುವುದು ಬೇಡ. ಶೇಂಗಾ ಹೋಳಿಗೆ ತಿನ್ನಿ, ತಿಂದ ಕೈಯನ್ನು ಸೋಪಿನಿಂದ ತೊಳೆದು ಮಗುವನ್ನು ಎತ್ತಿಕೊಳ್ಳಿ. ಎದೆಹಾಲು ಸಾಲದೆ ಪುಡಿಹಾಲು ಕೊಡಬೇಕಾಗಿ ಬಂದರೆ, ಅಲರ್ಜಿ ತಡೆಯುತ್ತದೆಂದು ಹೆಚ್ಚು ಬೆಲೆಗೆ ಮಾರುವ ಹೈಡ್ರೊಲೈಸ್ಡ್ (ಹಾಲಿನ ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆದ) ಡಬ್ಬಿಗೆ ಹಣ ಸುರಿಯಬೇಡಿ. ಅದರಿಂದ ಅಲರ್ಜಿ ತಡೆಯಬಹುದೆಂಬ ಹಳೆಯ ಶಿಫಾರಸನ್ನು ಇಲ್ಲಿಯ ತಜ್ಞರು ಕೈಬಿಟ್ಟಿದ್ದಾರೆ, ಸಾಮಾನ್ಯ ಪುಡಿಹಾಲೇ ಸಾಕು.